ಐದನೇ ಮುತ್ತೈದೆ

ಊರ್ಮಿಳಾ ನನ್ನ ಕಾಲು ತೊಳೆದಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಾಮ್ರದ ತಟ್ಟೆಯಲ್ಲಿ ನನ್ನ ಎರಡೂ ಪಾದ ಇರಿಸಿಕೊಂಡು, ಬೆಚ್ಚಗಿನ ನೀರು ಸುರಿದು, ಅರಿಶಿನ ಹಚ್ಚಿ, ಕುಂಕುಮ ಇಟ್ಟಿದ್ದಾಳೆ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ನನ್ನ ಪಾದಕ್ಕೆ ಹಣೆ ಮುಟ್ಟಿಸಿದ್ದಾರೆ. ನಾನು ಕೇಳಿರಲಿಲ್ಲ. ಕರೆದಳು, ಹೋದೆ. ಐದು ವರ್ಷ ಕಳೆದ ಮೇಲೆ ಅದೇ ಕಾಲಿನಿಂದ ಅವಳ ಮನೆ ಮೈಲಿಗೆಯಾಯಿತಂತೆ.

ನನ್ನ ಹೆಸರು ಅರುಂಧತಿ. ಕೋಲಾರದ ಕಡೆಯವಳು. ಗಂಡ ಮುನಿರಾಜು ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಗಣಿ ಇವತ್ತು ಮುಚ್ಚುತ್ತದೆ, ನಾಳೆ ಮುಚ್ಚುತ್ತದೆ ಎಂಬ ಮಾತು ಕೇಳಿ ಕೇಳಿ ಸಾಕಾಗಿತ್ತು. ಆಸ್ಟ್ರೇಲಿಯಾಕ್ಕೆ ಫಿಟ್ಟರ್‌ಗಳು ಬೇಕಂತೆ ಎಂದು ಯಾರೋ ಹೇಳಿದರು. ಅರ್ಜಿ ಹಾಕಿದ. ಎಂಬತ್ತೆಂಟರ ಕೊನೆಯಲ್ಲಿ ನಾವಿಬ್ಬರೂ ಮಗಳು ಆರತಿಯನ್ನು ಕಟ್ಟಿಕೊಂಡು ಸಿಡ್ನಿಗೆ ಬಂದಿಳಿದೆವು. ಗಣಿಯಲ್ಲಿ ಪರಿಚಯವಿದ್ದ ಒಂದು ಆಂಗ್ಲೋ ಇಂಡಿಯನ್ ಕುಟುಂಬ ಬ್ಲ್ಯಾಕ್‌ಟೌನ್‌ನಲ್ಲಿತ್ತು. ಅವರ ಮನೆಯ ಹಿಂದಿನ ರೂಮಿನಲ್ಲಿ ಕೆಲವು ತಿಂಗಳು ಇದ್ದೆವು.

ಬೇರೆ ಮನೆ ಸಿಗಲಿಲ್ಲ. ಏಜೆಂಟರು ಹಿಂದಿನ ಮನೆಯ ಮಾಲೀಕರಿಂದ ರೆಫರೆನ್ಸ್ ತನ್ನಿ ಎನ್ನುತ್ತಿದ್ದರು. ನಮ್ಮ ಹಿಂದಿನ ಮನೆ ಗಣಿ ಕೂಲಿಗಳ ಲೈನಿನ ತಗಡಿನ ಗೂಡು. ಅದಕ್ಕೆ ರೆಫರೆನ್ಸ್ ಯಾರು ಬರೆದುಕೊಡುತ್ತಾರೆ? ಆಗ ಯಾರೋ ಹೇಳಿದರು, ಪ್ಯಾರಮಟ್ಟಾದಲ್ಲಿ ಕನ್ನಡದವರದೇ ಒಂದು ಫ್ಲ್ಯಾಟ್ ಖಾಲಿಯಾಗುತ್ತಿದೆ ಎಂದು. ಹೋದೆವು. ಚಕ್ರಪಾಣಿ, ಎಂಜಿನಿಯರ್. ಹೆಂಡತಿ ಊರ್ಮಿಳಾ, ಬ್ಯಾಂಕಿನಲ್ಲಿ ಕೆಲಸ. ಮೈಸೂರಿನವರು. ಕ್ಯಾಸಲ್ ಹಿಲ್‌ನಲ್ಲಿ ಮಹಡಿ ಮನೆ ಕಟ್ಟಿಸಿ, ಈ ಫ್ಲ್ಯಾಟ್ ಬಾಡಿಗೆಗೆ ಬಿಟ್ಟು ಹೊರಟಿದ್ದರು.

"ಹೆಸರೇನಮ್ಮ ನಿಮ್ದು?" ಊರ್ಮಿಳಾ ಕೇಳಿದಳು.

"ಅರುಂಧತಿ."

"ಅಯ್ಯೋ, ಎಷ್ಟು ಚೆನ್ನಾಗಿದೆ! ಈಗಿನ ಕಾಲದಲ್ಲಿ ಯಾರಿಡ್ತಾರೆ ಇಂಥ ಹೆಸ್ರು? ನಮ್ಮೋರಿಗೇ ಕೊಟ್ಟ ಹಾಗಾಯ್ತು ಅಲ್ವೇನ್ರೀ?" ಗಂಡನ ಕಡೆ ತಿರುಗಿ ನಕ್ಕಳು. "ಒಂದೇ ಒಂದು ಕಂಡಿಷನ್ನು. ಕಿಚನ್‌ನಲ್ಲಿ ನಾನ್‌ವೆಜ್ ಮಾತ್ರ ಬೇಡ. ಇಷ್ಟು ವರ್ಷ ದೇವರಿಟ್ಟು ಪೂಜೆ ಮಾಡಿದ ಮನೆ. ನಿಮಗೇನು ಹೇಳೋದು ಬಿಡಿ, ನಿಮಗೇ ಗೊತ್ತಿರುತ್ತೆ."

ಅವರ ಅರುಂಧತಿ ಆಕಾಶದಲ್ಲಿರುವವಳು. ಮದುವೆಯ ದಿನ ಪುರೋಹಿತರು ಬೆರಳು ತೋರಿಸಿದ ಕಡೆ ನೋಡಿ, ಕಂಡರೂ ಕಾಣದಿದ್ದರೂ ಹೂಂ ಅನ್ನಬೇಕಾದ ನಕ್ಷತ್ರ. ನಮ್ಮ ಅರುಂಧತಿ ಕೇರಿಯವಳು. ಮಾದಿಗರ ಹುಡುಗಿ, ಋಷಿಯನ್ನು ಕಟ್ಟಿಕೊಂಡು ಹೋದವಳು. ನಮ್ಮಜ್ಜಿ ಅವಳ ಪದ ಹಾಡುತ್ತಿದ್ದಳು, ಅದಕ್ಕೇ ನನಗೆ ಆ ಹೆಸರಿಟ್ಟರು. ಊರ್ಮಿಳಾಗೆ ತನ್ನ ಅರುಂಧತಿ ಮಾತ್ರ ಗೊತ್ತು. ಹೆಸರು ಕೇಳಿ ಜಾತಿ ಕಟ್ಟಿಕೊಂಡಳು. ನಾವು ಸುಳ್ಳು ಹೇಳಲಿಲ್ಲ. ಅವಳು ಕೇಳಲಿಲ್ಲ. ಮನೆ ಬೇಕಾಗಿತ್ತು, ಕೀ ತೆಗೆದುಕೊಂಡೆವು.

ಕೆಂಪು ಇಟ್ಟಿಗೆಯ ಮೂರು ಅಂತಸ್ತಿನ ಕಟ್ಟಡ ಅದು. ಕೆಳಗೆ ಮಾಲ್ಟಾದ ಮುದುಕಿ, ಎದುರಿಗೆ ಲೆಬನಾನಿನವರು, ಮೇಲೆ ವಿಯೆಟ್ನಾಮಿನವರು, ಪಕ್ಕದ ಕಟ್ಟಡದ ತುಂಬ ಫಿಜಿಯ ಗಲಭೆಗೆ ಹೆದರಿ ಓಡಿಬಂದವರು. ಸಂಜೆ ಮೆಟ್ಟಿಲು ಹತ್ತಿದರೆ ಒಂದೊಂದು ಬಾಗಿಲಿನಿಂದ ಒಂದೊಂದು ವಾಸನೆ. ಕುರಿ, ಮೀನು, ಬೆಳ್ಳುಳ್ಳಿ. ಯಾರೂ ಮೂಗು ಮುಚ್ಚುತ್ತಿರಲಿಲ್ಲ. ನಮ್ಮ ಬಾಗಿಲಿನಿಂದ ಮಾತ್ರ ಸಾರಿನ ಒಗ್ಗರಣೆ. ಭಾನುವಾರ ಬಂದರೆ ನಾವು ಪಾತ್ರೆ, ಮಸಾಲೆ, ಮಾಂಸ ಚೀಲದಲ್ಲಿ ತುಂಬಿಕೊಂಡು ನದಿಯ ಪಕ್ಕದ ಪಾರ್ಕಿಗೆ ಹೋಗುತ್ತಿದ್ದೆವು. ಅಲ್ಲಿ ಕೌನ್ಸಿಲ್‌ನವರ ಬಾರ್ಬೆಕ್ಯೂ ತಟ್ಟೆ ಇತ್ತು. ನಾಣ್ಯ ಹಾಕಿದರೆ ಕಾಯುತ್ತಿತ್ತು. ಶ್ರೀಲಂಕಾದವರ ಅಂಗಡಿಯ ರಾಗಿ ಹಿಟ್ಟಿನ ಮುದ್ದೆಯನ್ನು ಮನೆಯಲ್ಲೇ ಕಟ್ಟಿ, ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದೆ. ಚಳಿಗಾಲದಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಉಣ್ಣುತ್ತಿದ್ದೆವು. ಬಾಡಿಗೆ ಕಟ್ಟಿದ ಮನೆಯಲ್ಲಿ ನಮ್ಮ ಅಡುಗೆಗೆ ಜಾಗವಿಲ್ಲ, ಊರವರ ಪಾರ್ಕಿನಲ್ಲಿ ಜಾಗ ಉಂಟು. ನಾಯಿ ಕರೆದುಕೊಂಡು ಹೋಗುವ ಬಿಳಿಯರು ಕೈ ಬೀಸಿ, ವಾಸನೆ ಚೆನ್ನಾಗಿದೆ ಎಂದು ಹೇಳಿ ಹೋಗುತ್ತಿದ್ದರು.

ಫ್ಲ್ಯಾಟಿಗೆ ಬಂದ ತಿಂಗಳಲ್ಲೇ ಕ್ಯಾಸಲ್ ಹಿಲ್ ಮನೆಯ ಗೃಹಪ್ರವೇಶ. ಹಿಂದಿನ ದಿನ ಊರ್ಮಿಳಾ ಫೋನ್ ಮಾಡಿದಳು.

"ಅರುಂಧತಿ, ನನ್ನ ಮಾನ ನೀವೇ ಉಳಿಸ್ಬೇಕು. ಐದು ಜನ ಮುತ್ತೈದೆಯರಿಗೆ ಹೇಳಿದ್ದೆ. ಜಯಲಕ್ಷ್ಮಿ ಇವತ್ತು ಬೆಳಿಗ್ಗೆ ಹೊರಗಾಗ್ಬಿಟ್ಟಿದಾಳೆ. ಈ ದೇಶದಲ್ಲಿ ನಿಂತ ಕಾಲ ಮೇಲೆ ಇನ್ನೊಬ್ಬರನ್ನ ಎಲ್ಲಿಂದ ತರ್ಲಿ? ನೀವು ಬಂದು ಕೂತ್ಕೊಂಡ್ರೆ ಸಾಕ್ಷಾತ್ ಅರುಂಧತೀನೇ ಬಂದ ಹಾಗೆ."

ನಾನು ಮುನಿರಾಜು ಮುಖ ನೋಡಿದೆ. "ಕರೀತಾವ್ರೆ, ಹೋಗ್ ಬಾ. ನಾವೇನ್ ನುಗ್ತಾ ಇದೀವಾ?" ಅಂದ.

ಹೋದೆ. ಮಣೆಯ ಮೇಲೆ ಕೂರಿಸಿದಳು. ಕಾಲು ತೊಳೆದಳು. ಗಣಿಯ ದೂಳು ತುಳಿದು ಬೆಳೆದ ಕಾಲು, ಹಿಮ್ಮಡಿ ಒಡೆದಿತ್ತು. ಆ ಬಿರುಕುಗಳಲ್ಲೆಲ್ಲ ಅರಿಶಿನ ತುಂಬಿದಳು. ಸೀರೆ, ಕುಪ್ಪಸದ ಕಣ, ಹೂವು ಕೊಟ್ಟಳು. ಮೊದಲ ಪಂಕ್ತಿಯಲ್ಲಿ ನಾನು, ಪಕ್ಕದಲ್ಲಿ ಆರತಿ. "ಇನ್ನೊಂದು ಹೋಳಿಗೆ ಹಾಕ್ಲಾ ಪುಟ್ಟಿ?" ಎಂದು ಬಗ್ಗಿ ಬಗ್ಗಿ ಬಡಿಸಿದಳು. ನಾನು ಮುರಿದ ತುತ್ತನ್ನು ಎಲೆಯ ಮೇಲೇ ಇಟ್ಟೆ. ಹೆದರಿಕೆಯಿಂದಲ್ಲ. ನಮ್ಮವ್ವ ಇಂಥ ಮನೆಗಳ ಹಿತ್ತಲ ಬಾಗಿಲಲ್ಲಿ ಸೆರಗೊಡ್ಡಿ ನಿಂತಿದ್ದಳು, ಅದು ಕಣ್ಣ ಮುಂದೆ ಬಂತು.

ತೊಂಬತ್ತೊಂದರಲ್ಲಿ ರಿಸೆಷನ್ ಬಂತು. ಮುನಿರಾಜು ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಮುಚ್ಚಿತು. ಸಿಡ್ನಿಯಲ್ಲಿ ಬಾಗಿಲು ಬಾಗಿಲು ತಟ್ಟಿದ, ಆಗಲಿಲ್ಲ. ಕೊನೆಗೆ ಮೆಲ್ಬರ್ನ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಾಲ್ಕು ಜನ ಗಂಡಸರ ಜೊತೆ ಒಂದು ರೂಮಿನಲ್ಲಿ ಉಳಿದ. ನಾನೂ ಆರತಿಯೂ ಇಲ್ಲಿ. ಅವಳ ಸ್ಕೂಲು ತಪ್ಪಬಾರದು ಎಂಬುದೊಂದೇ ನಮ್ಮ ಹಠ.

ಬೀದಿಯೂ ಬದಲಾಯಿತು. ಕಾರ್ಖಾನೆ ನಂಬಿದವರು ಇದ್ದಲ್ಲೇ ಕುಸಿದರು. ಡಿಗ್ರಿ ನಂಬಿದವರು ಕ್ಯಾಸಲ್ ಹಿಲ್‌ನಂಥ ಬೆಟ್ಟದ ಕಡೆ ಏರಿದರು. ಏರಿದವರು ಸುಮ್ಮನೆ ಏರಲಿಲ್ಲ, ಕೆಳಗಿನ ಫ್ಲ್ಯಾಟುಗಳನ್ನು ಒಂದೊಂದಾಗಿ ಕೊಂಡುಕೊಂಡು ಏರಿದರು. ಚಕ್ರಪಾಣಿಗೆ ನಮ್ಮ ಬೀದಿಯಲ್ಲೇ ಮತ್ತೆರಡು ಫ್ಲ್ಯಾಟ್ ಆದವು. ನಮ್ಮ ರೆಂಟಿನಲ್ಲಿ ಅವರ ಮಾರ್ಟ್‌ಗೇಜ್ ತೀರುತ್ತಿತ್ತು. ಕನ್ನಡದವರ ಕಾರ್ಯಕ್ರಮಗಳಲ್ಲಿ ಅವರೇ ಹೇಳುತ್ತಿದ್ದರು, "ಆ ಏರಿಯಾ ಈಗ ತುಂಬಾ ಹಾಳಾಗೋಯ್ತು ರೀ, ಎಂಥೆಂಥವರೋ ಬಂದು ಸೇರ್ಕೊಂಡಿದಾರೆ" ಎಂದು. ಏರಿದ ಮೇಲೆ ಏಣಿ ಒದೆಯುವವರನ್ನು ನೋಡಿದ್ದೆ. ಇವರು ಏಣಿಯನ್ನೂ ಬಾಡಿಗೆಗೆ ಬಿಟ್ಟಿದ್ದರು. ಅಷ್ಟರಲ್ಲಿ ಸ್ಟೇಷನ್ ಸುತ್ತ ಆಫೀಸು ಕಟ್ಟಡಗಳು ಎದ್ದವು. ಟೈ ಕಟ್ಟಿದ ಹುಡುಗರು ಫ್ಲ್ಯಾಟ್ ಹುಡುಕಿಕೊಂಡು ಬರತೊಡಗಿದರು. ರೆಂಟ್ ಏರಿತು. ಎದುರಿನ ಲೆಬನಾನಿನವರು ಲಿವರ್‌ಪೂಲ್ ಕಡೆಗೆ ಹೊರಟುಹೋದರು.

ನಾನು ಬ್ಲ್ಯಾಕ್‌ಟೌನ್ ಆಚೆಯ ಕೋಳಿ ಫ್ಯಾಕ್ಟರಿಗೆ ಸೇರಿದೆ. ಮೈ ಕೊರೆಯುವ ಚಳಿಯ ಹಾಲ್. ಮೊಣಕಾಲುದ್ದದ ರಬ್ಬರ್ ಬೂಟು, ಬಿಳಿ ಕೋಟು, ತಲೆಗೆ ಬಲೆ. ಎಡಗೈಗೆ ಉಕ್ಕಿನ ಬಲೆಯ ಗ್ಲೌಸ್, ಬಲಗೈಯಲ್ಲಿ ಚಾಕು. ಎದುರಿಗೆ ಲೈನ್ ಓಡುತ್ತಿರುತ್ತದೆ, ಅದರ ಮೇಲೆ ಒಂದರ ಹಿಂದೆ ಒಂದು ಸಿಕ್ಕಿಸಿದ ಕೋಳಿ. ಹೆಗಲ ಹತ್ತಿರ ಒಂದು ಏಟು, ಎದೆಯುದ್ದಕ್ಕೆ ಒಂದು ಏಟು, ಎಳೆ, ಬಿಸಾಕು. ತಲೆ ಎತ್ತುವಷ್ಟರಲ್ಲಿ ಮುಂದಿನದು. ಬೆರಳಿಗೆ ಸ್ಪರ್ಶ ಹೋಗುತ್ತದೆ. ಮಣಿಕಟ್ಟು ಊದುತ್ತದೆ. ಒಂದಕ್ಕೆ ಹೋಗಬೇಕಾದರೆ ಕೈ ಎತ್ತಿ ಕೇಳಬೇಕು. ಪಕ್ಕದಲ್ಲಿ ಲಾನ್ ಎಂಬ ವಿಯೆಟ್ನಾಮಿನ ಹೆಂಗಸು. ರಾತ್ರಿ ಕೈ ಸೆಳೆತಕ್ಕೆ ನಿದ್ದೆ ಬರುವುದಿಲ್ಲ ಎಂದು ನಾವಿಬ್ಬರೂ ಸನ್ನೆಯಲ್ಲೇ ಹೇಳಿಕೊಳ್ಳುತ್ತಿದ್ದೆವು. ಶಿಫ್ಟ್ ಮುಗಿದರೆ ನಾನು ಅಲ್ಲೇ ಸೋಪು ಹಾಕಿ, ನಿಂಬೆ ಉಜ್ಜಿ, ಮತ್ತೆ ಸೋಪು ಹಾಕಿ ಕೈ ತೊಳೆದುಕೊಂಡು ಟ್ರೇನ್ ಹತ್ತುತ್ತಿದ್ದೆ. ದೇವರಿಟ್ಟ ಅಡುಗೆಮನೆಗೆ ವಾಸನೆ ಬರಬಾರದಲ್ಲ. ವಾಸನೆ ಹೋಗುತ್ತಿರಲಿಲ್ಲ. ಅದು ಉಗುರಿನೊಳಗೆ ಮನೆ ಮಾಡಿತ್ತು.

ತೊಂಬತ್ತನಾಲ್ಕರ ಚಳಿಗಾಲದಲ್ಲಿ ಫ್ಯಾಕ್ಟರಿಗೆ ಹೊಸ ಪ್ರೊಡಕ್ಷನ್ ಮ್ಯಾನೇಜರ್ ಬಂದ. ಲೈನ್ ಸ್ಪೀಡ್ ಹೆಚ್ಚಿಸುತ್ತಾನಂತೆ ಎಂದು ಬರುವ ಮೊದಲೇ ಸುದ್ದಿ. ಒಂದು ಬೆಳಿಗ್ಗೆ ನಾಲ್ಕು ಜನರ ಜೊತೆ ಹಾಲ್‌ಗೆ ಬಂದ. ಬಿಳಿ ಹೆಲ್ಮೆಟ್ಟು, ಕೈಯಲ್ಲಿ ಸ್ಟಾಪ್‌ವಾಚ್. ನನ್ನ ಎದುರಿಗೆ ಬಂದು ನಿಂತ. ನಾನು ತಲೆ ಎತ್ತಿದೆ. ಚಕ್ರಪಾಣಿ.

ನನ್ನ ಕೈಯಲ್ಲಿ ಕೋಳಿ. ಅವನ ಕೈಯಲ್ಲಿ ಗಡಿಯಾರ. ಅವನ ಮನೆಯ ಸಸ್ಯಾಹಾರಿ ಬಾಡಿಗೆದಾರಳು ನಾನು. ನನ್ನ ಸಸ್ಯಾಹಾರಿ ಮಾಲೀಕ ಅವನು. ಅಷ್ಟರಲ್ಲಿ ಎರಡು ಕೋಳಿ ನನ್ನನ್ನು ದಾಟಿ ಹೋದವು, ಸೂಪರ್‌ವೈಸರ್ ಕಿರುಚಿದ.

ಮಧ್ಯಾಹ್ನ ಆಫೀಸಿಗೆ ಕರೆಸಿದ. ಕೂತುಕೊಳ್ಳಿ ಅನ್ನಲಿಲ್ಲ.

"ನೀವು ಇಲ್ಲಿ?"

"ಮೂರು ವರ್ಷದಿಂದ."

"ನಿಮಗೆ... ಕಷ್ಟ ಆಗಲ್ವಾ? ಇದೆಲ್ಲ ಮುಟ್ಟೋದಕ್ಕೆ?"

"ನಿಮಗೆ ಆಗಲ್ವಾ?" ಅಂದೆ.

"ನಾನು ಮುಟ್ಟಲ್ಲ. ನಂದು ಪ್ರೊಸೆಸ್ ಸೈಡ್." ಪೆನ್ನು ಎತ್ತಿ ಇಟ್ಟ. "ಅಲ್ಲ, ನಿಮ್ಮ ಹಸ್ಬೆಂಡ್ ಮುನಿರಾಜು ಅಂತ ಅಲ್ವಾ? ಯಾವ ಪೈಕಿ ನೀವು?"

ಐದು ವರ್ಷ ಕೇಳದ ಪ್ರಶ್ನೆ. ಕೈ ತೊಳೆದು ಬಂದಿರಲಿಲ್ಲ, ರಕ್ತದ ನೀರು ಬೆರಳ ತುದಿಯಿಂದ ಅವನ ಕಾರ್ಪೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ಮಾದಿಗರು," ಅಂದೆ. "ಅವರೂ, ನಾನೂ."

ಅವನು ನನ್ನ ಮುಖ ನೋಡಲಿಲ್ಲ. ನನ್ನ ಬೂಟು ನೋಡಿದ. ಆಮೇಲೆ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಚಳಿಗಾಲ, ಬೆವರುವ ಕಾರಣವಿರಲಿಲ್ಲ. ಆ ಹಣೆ ಎಲ್ಲಿ ತಾಗಿತ್ತು ಎಂದು ಇಬ್ಬರಿಗೂ ನೆನಪಾಗಿತ್ತು. ನನಗೆ ನಗು ಬಂತು, ಅದನ್ನು ನುಂಗಿಕೊಂಡು ಲೈನ್‌ಗೆ ಹೋದೆ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಯಾರ ಕೈ, ಯಾರ ಬಾಯಿ? ನಾನು ಕೋಳಿ ಕೊಯ್ದು ಕಟ್ಟಿದ ಬಾಡಿಗೆಯಲ್ಲಿ ಅವನು ಮನೆ ಮೇಲೆ ಮನೆ ಕೊಂಡ, ಅವನಿಗೆ ಮೈಲಿಗೆ ಇಲ್ಲ. ಕೋಳಿಯ ವಾಸನೆ ನನ್ನ ಉಗುರಲ್ಲಿದೆ, ನಾನು ಮೈಲಿಗೆ. ಅದೇ ವಾರ ಏಜೆಂಟ್ ಬಂದು ನೋಟಿಸ್ ಕೊಟ್ಟ. ಅರವತ್ತು ದಿನದಲ್ಲಿ ಫ್ಲ್ಯಾಟ್ ಖಾಲಿ ಮಾಡಬೇಕು. ಕಾರಣ ಏನು ಎಂದು ಕೇಳಿದೆ. ಕಾರಣ ಹೇಳಬೇಕಾಗಿಲ್ಲ, ಕಾನೂನು ಹಾಗೇ ಇದೆ ಅಂದ. ಪಾಪ, ಅವನಿಗೆ ಗೊತ್ತಿರಲಿಲ್ಲ. ಆ ಕಾರಣವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಚಕ್ರಪಾಣಿಗೂ ಗೊತ್ತಿರಲಿಲ್ಲ.

ಆರತಿಗೆ ಅದು ಎಚ್‌ಎಸ್‌ಸಿ ವರ್ಷ, ಸ್ಕೂಲಿನ ಕೊನೆಯ ಪರೀಕ್ಷೆ. ಅರವತ್ತು ದಿನ ಮುಗಿಯುವುದಕ್ಕೂ ಪರೀಕ್ಷೆ ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಹುಡುಗಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಅಲ್ಲೇ ತಲೆಯಿಟ್ಟು ಮಲಗುತ್ತಿದ್ದಳು. ಫಾರ್ಮಸಿ ಓದಬೇಕು ಅವಳಿಗೆ. ಶನಿವಾರ ಶನಿವಾರ ನಾನು ಮನೆ ನೋಡಲು ಹೋದೆ. ಒಂದೊಂದು ಫ್ಲ್ಯಾಟಿನ ಮುಂದೆಯೂ ಕ್ಯೂ, ಕ್ಯೂ ತುಂಬ ಟೈ ಕಟ್ಟಿದವರು. ಏಜೆಂಟ್ ನನ್ನ ಊದಿದ ಕೈ ನೋಡಿ, ಗಂಡ ಎಲ್ಲಿ ಎಂದು ಕೇಳಿ, ಮುಂದಿನವರನ್ನು ಕರೆಯುತ್ತಿದ್ದ. ಕನ್ನಡದವರೊಬ್ಬರಿಗೆ ಫೋನ್ ಮಾಡಿದೆ. ಚಂದ್ರಶೇಖರ್ ಎಂದು, ಅವರದೂ ಫ್ಲ್ಯಾಟಿತ್ತು. "ಓ, ನೀವಾ? ಚಕ್ರಪಾಣಿ ಹೇಳಿದ್ರು. ಇಲ್ಲಮ್ಮ, ನಮ್ದು ಆಗ್ಲೇ ಹೋಯ್ತು" ಎಂದು ಇಟ್ಟುಬಿಟ್ಟರು. ಸುದ್ದಿ ನನಗಿಂತ ಮುಂದೆ ಓಡುತ್ತಿತ್ತು.

ಕೊನೆಗೆ ಊರ್ಮಿಳಾಗೇ ಫೋನ್ ಮಾಡಿದೆ. ಡಿಸೆಂಬರ್‌ವರೆಗೆ ಬಿಡಿ, ಮಗು ಪರೀಕ್ಷೆ ಮುಗೀಲಿ, ಆಮೇಲೆ ನಾವೇ ಮೆಲ್ಬರ್ನ್‌ಗೆ ಹೋಗ್ತೀವಿ ಅಂದೆ.

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ನಾನು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಗೊತ್ತಾ ನಿಮಗೆ? ನಿಮ್ಮ ಕಾಲು ತೊಳೆದ ನೀರನ್ನ ನಾನು ತಲೆ ಮೇಲೆ ಪ್ರೋಕ್ಷಣೆ ಮಾಡ್ಕೊಂಡಿದೀನಿ. ಆ ವರ್ಷಾನೇ ನಮ್ಮತ್ತೆ ಹೋದ್ರು. ಮಗನ ಮದುವೆ ಮುರೀತು. ಈಗ ಗೊತ್ತಾಗ್ತಿದೆ ಯಾಕೆ ಅಂತ. ಬಾಯ್ಬಿಟ್ಟು ಒಂದು ಮಾತು ಹೇಳ್ಬಹುದಿತ್ತಲ್ಲ ನೀವು?"

"ನೀವು ಕೇಳಲಿಲ್ಲ."

"ಕೇಳೋದೇನು ಬಂತು? ಹೇಳ್ಬೇಕಾದ್ದು ನಿಮ್ಮ ಧರ್ಮ." ಮೂಗು ಏರಿಸಿಕೊಂಡಳು. ಅಳುತ್ತಿದ್ದಳು. "ನೋಡಿ, ನಾನು ಕೆಟ್ಟವಳಲ್ಲ. ಪುರೋಹಿತರನ್ನ ಕೇಳಿದೀನಿ. ಭಾನುವಾರ ಬನ್ನಿ. ದೇವಿ ಮುಂದೆ ತಪ್ಪುಕಾಣಿಕೆ ಹಾಕಿ, ತಪ್ಪಾಯ್ತು ಅನ್ನಿ. ಡಿಸೆಂಬರ್‌ವರೆಗೆ ಇರಿ ಅಂತ ಇವರಿಗೆ ನಾನೇ ಹೇಳ್ತೀನಿ."

ಮೆಲ್ಬರ್ನ್‌ಗೆ ಫೋನ್ ಮಾಡಿ ಮುನಿರಾಜುಗೆ ಹೇಳಿದೆ. "ಥೂ, ಬುಟ್ಟು ಬಂದ್ಬುಡು ಇಲ್ಲಿಗೆ" ಅಂದ. ಪರೀಕ್ಷೆ ಎಂದೆ. ಹಿಂದೆ ಯಾರದೋ ಟಿವಿ ಕೇಳುತ್ತಿತ್ತು. "ಹಂಗಾದ್ರೆ ಅಂದ್ಬುಡು ಒಂದ್ ಮಾತು. ನಮ್ಮಪ್ಪ ದಿನಾ ಅಂತಿದ್ದ. ಬಾಯೇನ್ ಸವೆದೋಯ್ತಾ?" ಅಂದ. ಅವನ ದನಿಯಲ್ಲಿದ್ದ ಸೋಲು ನನಗೆ ಚಾಕುವಿಗಿಂತ ಹೆಚ್ಚು ತಾಗಿತು.

ಆರತಿಗೆ ಇದು ಯಾವುದೂ ತಿಳಿಯದು. ಈ ದೇಶಕ್ಕೆ ಬಂದ ದಿನವೇ ನಾವಿಬ್ಬರೂ ಮಾತಾಡಿಕೊಂಡಿದ್ದೆವು, ನಮ್ಮ ಜಾತಿಯ ಹೆಸರು ಅವಳ ಕಿವಿಗೆ ಬೀಳುವುದು ಬೇಡ ಎಂದು. ಮನೆ ಓನರ್‌ಗೆ ಏನೋ ಬೇಜಾರಾಗಿದೆ, ಹೋಗಿ ಕ್ಷಮೆ ಕೇಳಿದರೆ ಇರಲು ಬಿಡುತ್ತಾರೆ ಎಂದಷ್ಟೇ ಹೇಳಿದೆ.

"ಸೋ ಜಸ್ಟ್ ಸೇ ಸಾರಿ, ಮಮ್," ಅಂದಳು, ಪುಸ್ತಕದಿಂದ ತಲೆ ಎತ್ತದೆ. "ಇಟ್ಸ್ ಜಸ್ಟ್ ಎ ವರ್ಡ್."

ಇಲ್ಲಿ ಅದು ನಿಜ. ಟ್ರೇನಿನಲ್ಲಿ ಕಾಲು ತುಳಿದವರೂ ಸಾರಿ, ತುಳಿಸಿಕೊಂಡವರೂ ಸಾರಿ. ಈ ಹುಡುಗಿ ಕುರ್ಚಿಗೆ ತಾಗಿದರೂ ಸಾರಿ ಅನ್ನುತ್ತಾಳೆ. ನಮ್ಮೂರಿನ 'ತಪ್ಪಾಯ್ತು' ಹಾಗಲ್ಲ. ಅದನ್ನು ಅನ್ನಬೇಕಾದರೆ ಹೆಗಲ ಮೇಲಿನ ಟವೆಲ್ ಕೆಳಗಿಳಿಯಬೇಕು, ಬೆನ್ನು ಬಾಗಬೇಕು. ಆದರೂ ಹೋಗುವುದೆಂದು ನಿಶ್ಚಯಿಸಿದೆ. ಮಗಳ ಪರೀಕ್ಷೆಗಿಂತ ನನ್ನ ಬೆನ್ನು ದೊಡ್ಡದಲ್ಲ ಎಂದುಕೊಂಡೆ.

ಭಾನುವಾರ ಬಸ್ಸು ಹಿಡಿದು ಕ್ಯಾಸಲ್ ಹಿಲ್‌ಗೆ ಹೋದೆವು. ಇಳಿದ ಮೇಲೆ ಏರು ರಸ್ತೆ. ಫುಟ್‌ಪಾತ್ ಇಲ್ಲ, ಅಲ್ಲಿ ನಡೆಯುವವರೇ ಇಲ್ಲ. ಆರತಿ ಕೆಮಿಸ್ಟ್ರಿ ಪುಸ್ತಕ ತಂದಿದ್ದಳು, ನಡೆಯುತ್ತಲೇ ಓದುತ್ತಿದ್ದಳು. ಮನೆಯ ಮುಂದೆ ಕಾರುಗಳು ನಿಂತಿದ್ದವು. ನಾನು ಮುಂಬಾಗಿಲ ಕಡೆ ಹೆಜ್ಜೆ ಹಾಕಿದೆ.

"ಅಲ್ಲಲ್ಲ, ಈ ಕಡೆ," ಊರ್ಮಿಳಾ ಗ್ಯಾರೇಜಿನಿಂದ ಕೂಗಿದಳು.

ಗ್ಯಾರೇಜಿನ ಶಟರ್ ಎತ್ತಿದ್ದರು. ಹುಲ್ಲು ಕತ್ತರಿಸುವ ಮಷೀನು, ಪೇಂಟಿನ ಡಬ್ಬ, ಹಳೆಯ ಸೈಕಲ್ಲು. ಅದರ ನಡುವೆ ಒಂದು ಮಡಚುವ ಮೇಜು, ಮೇಜಿನ ಮೇಲೆ ಲಕ್ಷ್ಮಿಯ ಕ್ಯಾಲೆಂಡರ್ ಚಿತ್ರ, ಒಂದು ದೀಪ, ಒಂದು ಸ್ಟೀಲ್ ಡಬ್ಬಿ. ಒಳಗಿನ ದೇವರಲ್ಲ ಅದು. ಹೊರಗೆ ತಂದರೂ ನಷ್ಟವಿಲ್ಲದ ದೇವರು. ಮೇಜಿನ ಮುಂದೆ ನೆಲಕ್ಕೆ ನ್ಯೂಸ್‌ಪೇಪರ್ ಹಾಸಿದ್ದರು. ನಾವು ನಿಲ್ಲಬೇಕಾದ ಜಾಗ. ಮನೆಯೊಳಗೆ ಹೋಗುವ ಬಾಗಿಲಲ್ಲಿ ಜಯಲಕ್ಷ್ಮಿ ಮತ್ತು ಇನ್ನೂ ಕೆಲವು ಹೆಂಗಸರು ರೇಷ್ಮೆ ಸೀರೆಯುಟ್ಟು ನಿಂತಿದ್ದರು, ಸಾಕ್ಷಿಗೆ. ಅವರ ಹಿಂದೆ ಚಕ್ರಪಾಣಿ.

"ಚಪ್ಪಲಿ ಆಚೆ ಬಿಟ್ಟು ಪೇಪರ್ ಮೇಲೆ ನಿಂತ್ಕೊಳಿ. 'ತಿಳಿದೂ ತಿಳಿದೂ ಮುಚ್ಚಿಟ್ಟೆ, ತಪ್ಪಾಯ್ತು ತಾಯಿ' ಅಂತ ಹೇಳಿ ಕಾಣಿಕೆ ಹಾಕಿ," ಅಂದಳು ಊರ್ಮಿಳಾ. ಮಾತು ಮೆತ್ತಗಿತ್ತು. ದಯೆ ತೋರಿಸುತ್ತಿದ್ದೇನೆ ಎಂದೇ ಅವಳು ನಂಬಿದ್ದಳು.

ನಿಂತೆ. ಕೈ ಮುಗಿದೆ. ಹೇಳಿದೆ. ಹೌದು, ಹೇಳಿದೆ. ತಪ್ಪಾಯ್ತು ತಾಯಿ ಎಂದು ನನ್ನ ಬಾಯಿಂದಲೇ ಬಂತು. ಡಬ್ಬಿಗೆ ನಾಣ್ಯ ಹಾಕಿದೆ. ಜಯಲಕ್ಷ್ಮಿ ನಿಟ್ಟುಸಿರು ಬಿಟ್ಟಳು. ಮುಗಿಯಿತು, ಇನ್ನು ಡಿಸೆಂಬರ್‌ವರೆಗೆ ಯಾರೂ ಮುಟ್ಟುವುದಿಲ್ಲ ಎಂದುಕೊಂಡೆ.

"ಆರತೀನೂ ಹೇಳ್ಲಿ," ಅಂದಳು ಊರ್ಮಿಳಾ. "ಅವಳೂ ಅವತ್ತು ಪಂಕ್ತೀಲಿ ಕೂತಿದ್ಲು. ಬಾಮ್ಮ, ಅಮ್ಮನ ಪಕ್ಕ ನಿಂತ್ಕೊ. ನೀನು ಸಾರಿ ಅಂದ್ರೂ ಸಾಕು."

"ಶ್ಯೂರ್, ಆಂಟಿ." ಆರತಿ ಶೂ ಬಿಚ್ಚಿದಳು. ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು ಪೇಪರಿನ ಮೇಲೆ ಬಂದು ನಿಂತಳು. ಕ್ಯಾಲೆಂಡರಿನ ಕಡೆ ನೋಡಿ ಸ್ವಲ್ಪ ನಕ್ಕಳು. ಯಾರ ಕಾಲನ್ನೋ ತುಳಿದವಳ ಹಾಗೆ ಹಗುರಾಗಿ ಬಾಯಿ ತೆರೆದಳು. "ಸಾ..."

ನನ್ನ ಕೈ ಹೋಗಿ ಅವಳ ಬಾಯಿ ಮುಚ್ಚಿತು.

ಗಟ್ಟಿಯಾಗಿ ಮುಚ್ಚಿತು. ಅವಳ ಹಲ್ಲು ನನ್ನ ಅಂಗೈಗೆ ತಾಗಿತು. ಅರ್ಧ ಮಾತು ಬಿಸಿಯಾಗಿ ಕೈಯೊಳಗೇ ನಿಂತಿತು. ಕೋಳಿ ವಾಸನೆಯ ಕೈ. ಅವಳು ಕಣ್ಣು ಅಗಲಿಸಿ ನನ್ನನ್ನೇ ನೋಡಿದಳು. ನಾನು ಬಿಡಲಿಲ್ಲ.

"ಇವಳು ಹೇಳಲ್ಲ," ಅಂದೆ.

"ಯಾಕೆ? ಚಿಕ್ಕ ಹುಡುಗಿ, ಒಂದು ಮಾತು..."

"ಹೇಳಲ್ಲ ಅಂದ್ನಲ್ಲ. ನಾನು ಹೇಳಿದ್ದೂ ವಾಪಸ್ಸು. ನಾನೇನು ಮುಚ್ಚಿಟ್ಟಿದ್ದೆ? ನೀನು ಕರೆದೆ, ಬಂದೆ. ನೀನು ಕೂರಿಸಿದೆ, ಕೂತೆ. ನೀನು ಹಾಕಿದೆ, ನನ್ನ ಮಗು ತಿಂತು. ಯಾವುದು ತಪ್ಪು ಇದರಲ್ಲಿ?"

ಬಾಗಿಲಲ್ಲಿದ್ದ ಹೆಂಗಸರು ಹಿಂದೆ ಸರಿದರು. ಊರ್ಮಿಳಾ ಮುಖ ಕೆಂಪಗಾಯಿತು. "ನೀನು ಅಂತೀಯಾ? ನನ್ನನ್ನ? ನನ್ನ ಮನೇಲಿ ನಿಂತ್ಕೊಂಡು ಏಕವಚನದಲ್ಲಿ ಮಾತಾಡ್ತೀಯಾ?"

"ನಿನ್ನ ಮನೇಲೆಲ್ಲಿ ನಿಂತಿದೀನಿ? ಪೇಪರ್ ಮೇಲೆ ನಿಂತಿದೀನಿ."

"ಫ್ಲ್ಯಾಟ್ ಬೇಡ್ವಾ ಹಾಗಾದ್ರೆ?"

"ನೀನೇ ಇಟ್ಕೊ. ದೇವರಿಟ್ಟು ಪೂಜೆ ಮಾಡು."

ಚಕ್ರಪಾಣಿ ಈಗ ಮುಂದೆ ಬಂದ. "ನಾಳೆ ನೀನು ಕೆಲಸಕ್ಕೆ ಬರಬೇಕು. ನೆನಪಿರಲಿ," ಅಂದ.

"ಬರ್ತೀನಿ. ನಾನು ಕೊಯ್ದರೇ ತಾನೆ ನಿನ್ನ ಮನೇಲಿ ದೀಪ ಉರಿಯೋದು."

ಮಗಳ ಕೈ ಹಿಡಿದು ಎಳೆದುಕೊಂಡು ಹೊರಟೆ. ಅವಳು ಶೂವನ್ನು ಕೈಯಲ್ಲೇ ಹಿಡಿದಿದ್ದಳು.

ಭಾನುವಾರ ಆ ಕಡೆ ಬಸ್ಸು ಅಪರೂಪ. ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಆರತಿ ತುಟಿ ಒರೆಸಿಕೊಂಡಳು, ಅಳತೊಡಗಿದಳು. ಸಿಟ್ಟಿನ ಅಳು. ಈಗ ಎಲ್ಲಿಗೆ ಹೋಗುವುದು, ಎಲ್ಲಿ ಕೂತು ಓದುವುದು, ಎಲ್ಲ ಹಾಳುಮಾಡಿದೆ ನೀನು ಎಂದು ಇಂಗ್ಲಿಷಿನಲ್ಲಿ ಕಿರುಚಿದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಳಾಗಿತ್ತು.

"ವಾಟ್ ಡಿಡ್ ವಿ ಈವನ್ ಡೂ, ಮಮ್?"

ಹೇಳಿದೆ. ಆ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ನಮ್ಮ ಜಾತಿಯ ಹೆಸರು ಹೇಳಿದೆ. ಅವಳ ತಾತ ಸತ್ತ ದನ ಹೊರುತ್ತಿದ್ದುದನ್ನು ಹೇಳಿದೆ. ನಮಗೆ ಮುಟ್ಟಗೊಡದ ಬಾವಿಯ ಕತೆ, ಹಿತ್ತಲ ಬಾಗಿಲ ಕತೆ, ಪಾರ್ಕಿನಲ್ಲಿ ಯಾಕೆ ಉಣ್ಣುತ್ತಿದ್ದೆವು ಎಂಬ ಕತೆ. ಪಿಕ್ನಿಕ್ ಎಂದುಕೊಂಡಿದ್ದಳು ಪಾಪ. ಅವಳು ಅಳು ನಿಲ್ಲಿಸಿದಳು.

"ಸೋ ಶಿ ವಾಂಟೆಡ್ ಮಿ ಟು ಸೇ ಸಾರಿ... ಫಾರ್ ಲಂಚ್?"

"ಹೂಂ. ನೀನು ಊಟ ಮಾಡಿದ್ದಕ್ಕೆ."

"ಐ ವಾಸ್ ಟ್ವೆಲ್ವ್!"

"ಹೂಂ."

ಅವಳು ಶೂ ಹಾಕಿಕೊಂಡಳು. ಲೇಸು ಬಿಗಿಯಾಗಿ ಕಟ್ಟಿದಳು. ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ಏರು ರಸ್ತೆಯಲ್ಲಿ ವಾಪಸ್ಸು ನಡೆದಳು. ಕರೆಯೋಣ ಎಂದು ಬಾಯಿ ತೆರೆದೆ, ಕರೆಯಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಡ್ರೈವರ್ ಬಾಗಿಲು ತೆಗೆದು ನನ್ನನ್ನು ನೋಡಿದ. ತಲೆಯಾಡಿಸಿ ಕಳಿಸಿಬಿಟ್ಟೆ. ಎದ್ದು ಅವಳ ಹಿಂದೆ ಹೋದೆ.

ಆರತಿ ಗ್ಯಾರೇಜಿನ ಕಡೆಗೆ ಹೋಗಲಿಲ್ಲ. ನೇರ ಮುಂಬಾಗಿಲಿಗೆ ಹೋದಳು. ತೋರಣ ಕಟ್ಟಿದ್ದ ಬಾಗಿಲು. ಬೆಲ್ ಒತ್ತಿದಳು. ಬೆರಳು ತೆಗೆಯಲಿಲ್ಲ. ಒಳಗೆ ಬೆಲ್ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಬಾಗಿಲು ತೆರೆಯಲಿಲ್ಲ.

"ಸೇ ಸಾರಿ ಟು ಮೈ ಮಮ್!" ಬಾಗಿಲಿಗೆ ಮುಖವಿಟ್ಟು ಕೂಗಿದಳು. "ಕಮ್ ಔಟ್ ಅಂಡ್ ಸೇ ಇಟ್!"

ಎದುರು ಮನೆಯ ಬಿಳಿಯ ದಂಪತಿ ಹುಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಿ ನೋಡತೊಡಗಿದರು. ಪಕ್ಕದ ಮನೆಯ ಪರದೆ ಸರಿಯಿತು. ಮಹಡಿಯ ಕಿಟಕಿ ಸ್ವಲ್ಪವೇ ತೆರೆದು ಊರ್ಮಿಳಾ ತಲೆ ಹೊರಗೆ ಹಾಕಿದಳು.

"ಅರುಂಧತಿ, ದಯವಿಟ್ಟು! ನಿಮ್ಮ ಮಗಳಿಗೆ ಹೇಳ್ರೀ! ನೈಬರ್ಸ್ ನೋಡ್ತಿದಾರೆ, ಪೊಲೀಸ್ ಕರೀತಾರೆ, ಏನಂದ್ಕೋತಾರೆ ನಮ್ಮನ್ನ?"

ನಾನು ಮೆಟ್ಟಿಲು ಹತ್ತಿ ಮಗಳ ಪಕ್ಕ ನಿಂತೆ. ಒತ್ತಿ ಒತ್ತಿ ಅವಳ ಬೆರಳ ತುದಿ ಬೆಳ್ಳಗಾಗಿತ್ತು.

"ತೆಗಿ ಮಗಾ," ಅಂದೆ. "ಸ್ವಲ್ಪ ಹೊತ್ತು ನಾನು ಒತ್ತುತೀನಿ."